ಶಿವಲಕ್ಷ್ಮಿಯ ಹಿತ್ತಲ ಚಪ್ಪರ

ಮಧುಗಿರಿಯಲ್ಲಿ ಬೆಟ್ಟದ ಬುಡಕ್ಕೆ ಮನೆಯಿರುವವರಿಗೆ ಸಂಜೆಯಾದರೂ ಸೆಖೆ ತಪ್ಪುವುದಿಲ್ಲ. ಹಗಲೆಲ್ಲ ಕಾದ ಬಂಡೆ ಹೊತ್ತು ಮುಳುಗಿದ ಮೇಲೆ ಆ ಕಾವನ್ನು ಬೀದಿಗೆ ಬಿಡುತ್ತದೆ. ಯುಗಾದಿ ಕಳೆಯಿತೆಂದರೆ ನಮ್ಮ ಬೀದಿಯವರೆಲ್ಲ ಊಟದ ತಟ್ಟೆ ಹಿಡಿದು ಜಗುಲಿಗೆ ಬರುತ್ತೇವೆ. ಬಾರದವಳು ನಮ್ಮ ಪಕ್ಕದ ಮನೆಯ ಶಿವಲಕ್ಷ್ಮಿ ಒಬ್ಬಳೇ.

ಹೈಸ್ಕೂಲಿನಲ್ಲಿ ಖೋ-ಖೋ ಆಡಿದ್ದ ಹೆಂಗಸು ಅವಳು. ಮದುವೆಯಾಗಿ ಬಂದ ಹೊಸದರಲ್ಲಿ, ನಲ್ಲಿಯಲ್ಲಿ ನೀರು ಬಂತೆಂದರೆ ಎರಡು ಕೊಡ ಹಿಡಿದು ಎಲ್ಲರಿಗಿಂತ ಮುಂಚೆ ಓಡಿ ಹೋಗಿ ನಿಂತಿರುತ್ತಿದ್ದಳು. ಗಂಡ ಓಬಳರಾಜು ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಗೇಟು, ಕಿಟಕಿ ಗ್ರಿಲ್ಲು ಮಾಡುತ್ತಾನೆ. ಐದು ವರ್ಷದ ಹಿಂದೆ ಒಂದು ಬೆಳಿಗ್ಗೆ ಕಾಫಿಗೆಂದು ಶಿವಲಕ್ಷ್ಮಿ ಒಲೆ ಹೊತ್ತಿಸಿದಳು. ಗ್ಯಾಸು ಸೋರಿ ಅಡುಗೆಮನೆಯೆಲ್ಲ ತುಂಬಿದ್ದು ಅವಳಿಗೆ ಗೊತ್ತಾಗಿರಲಿಲ್ಲ. ಮುಖದ ಅರ್ಧ, ಕುತ್ತಿಗೆ, ಎದೆ, ಎರಡು ತೋಳು ಸುಟ್ಟವು. ನಡುಮನೆಯಲ್ಲಿ ಮಲಗಿದ್ದ ನಾಲ್ಕು ವರ್ಷದ ಮಗಳು ಅನುಪಮಾ ಎದ್ದು ಕೂತು ಅದನ್ನು ನೋಡಿದಳು.

ಬೆಂಗಳೂರಿನ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇಟ್ಟುಕೊಂಡು, ತೊಡೆಯ ಚರ್ಮ ತೆಗೆದು ಮೇಲೆ ಹಾಕಿ, ಜೀವ ಉಳಿಸಿ ಕಳಿಸಿದರು. ಹಾಗೆ ಹಾಕಿದ ಚರ್ಮ ಬೆವರುವುದಿಲ್ಲ. ಬೆವರದ ಮೈಯೊಳಗೆ ಸೆಖೆ ಅಲ್ಲೇ ನಿಂತು ಬೇಯಿಸುತ್ತದೆ. ಬೇಸಿಗೆಯ ಮಧ್ಯಾಹ್ನಗಳನ್ನು ಅವಳು ಬಚ್ಚಲುಮನೆಯ ಒದ್ದೆ ನೆಲದ ಮೇಲೆ ಮಲಗಿ ಕಳೆಯುತ್ತಿದ್ದಳು. ಓಬಳರಾಜು ಅಂಗಡಿಯಲ್ಲೇ ಮೈ ತೊಳೆದು, ಬೇರೆ ಅಂಗಿ ಹಾಕಿಕೊಂಡು ಮನೆಗೆ ಬರುತ್ತಿದ್ದ. ಸುಟ್ಟ ಕಬ್ಬಿಣದ ವಾಸನೆ ಅವಳಿಗೆ ಆಗುತ್ತಿರಲಿಲ್ಲ.

ಅವಳು ಆಸ್ಪತ್ರೆಯಲ್ಲಿದ್ದಾಗ ತಂಗಿ ಬಿಂದುಶ್ರೀ ಮಗುವನ್ನು ಕೊರಟಗೆರೆಗೆ ಕರೆದುಕೊಂಡು ಹೋಗಿದ್ದಳು. ಅಕ್ಕ ಮನೆಗೆ ಬಂದ ದಿನ ತಂದು ಬಿಡಲು ಬಂದಳು. ಹೊಸ್ತಿಲಲ್ಲಿ ತಾಯಿಯ ಮುಖ ನೋಡಿದ ಮಗು ನಿಂತಲ್ಲೇ ಉಚ್ಚೆ ಹೊಯ್ದುಕೊಂಡು, ಚಿಕ್ಕಮ್ಮನ ಸೀರೆಯೊಳಗೆ ಮುಖ ಹುದುಗಿಸಿತು. ಬಿಂದು ಅದನ್ನು ಹಾಗೇ ವಾಪಸ್ ಕರೆದುಕೊಂಡು ಹೋದಳು, ಮತ್ತೆ ಕರೆತರಲಿಲ್ಲ. ಚಿಕ್ಕಮ್ಮ ಯಾವಾಗ ಅಮ್ಮ ಆದಳೋ, ಯಾರೂ ಹೇಳಿಕೊಟ್ಟಿದ್ದಲ್ಲ. ಒಂದು ದಿನ ಫೋನಿನ ಆ ಕಡೆಯಿಂದ ಮಗು "ಅಮ್ಮಾ, ಚಪ್ಪಲಿ ಎಲ್ಲಿ?" ಎಂದು ಬಿಂದುವನ್ನು ಕೇಳಿದ್ದು ಶಿವಲಕ್ಷ್ಮಿಯ ಕಿವಿಗೆ ಬಿತ್ತು. ಅವಳೂ ತಿದ್ದಲು ಹೋಗಲಿಲ್ಲ.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ಬಿಂದು ಫೋನ್ ಮಾಡಿದಳು.

"ಅಕ್ಕ, ಅನುಪಮಾ ರಜಕ್ಕೆ ಮಧುಗಿರಿಗೆ ಬತ್ತೀನಿ ಅಂತವ್ಳೆ ಕಣೆ. ಆದ್ರೆ ಮನೆ ಒಳಕ್ಕೆ ಮಾತ್ರ ಬರಲ್ವಂತೆ. ಆ ಅಡುಗೆಮನೆ ನೆನೆಸ್ಕೊಂಡ್ರೇ ಎದೆ ಡವಡವ ಅಂತದಂತೆ."

"ಒಳಕ್ಕೆ ಬ್ಯಾಡ ಬುಡು. ಹೊರಗೇ ಕೂರ್ಲಿ," ಎಂದಳು ಶಿವಲಕ್ಷ್ಮಿ.

ಫೋನು ಇಟ್ಟಾಗ ಓಬಳರಾಜು ಕೇಳಿದ: "ಹೊರಗೆ ಅಂದ್ರೆ ಎಲ್ಲಿ ಕೂರಿಸ್ತೀಯೆ? ಹಿತ್ಲು ಹೆಂಗದೆ ಅಂತ ನೋಡಿದ್ದೀಯಾ?"

ಹಿತ್ತಲ ತುಂಬ ತುಕ್ಕು ಹಿಡಿದ ಪೈಪು, ಒಡೆದ ಸಿಮೆಂಟ್ ತೊಟ್ಟಿ, ಪಾರ್ಥೇನಿಯಂ ಗಿಡ. ಅವನು ಭಾನುವಾರ ಕೂತು ಎಲ್ಲ ಬಳಿದು ಹಾಕಿದ. ಅಂಗಡಿಯಲ್ಲಿ ಕಬ್ಬಿಣದ ಕಂಬ ಮಾಡಿಕೊಂಡು ಬಂದು ತಗಡಿನ ಶೀಟು ಹೊದಿಸಿದ. ಮಧ್ಯಾಹ್ನ ಶಿವಲಕ್ಷ್ಮಿ ಅದರ ಕೆಳಗೆ ಒಂದು ಗಳಿಗೆ ನಿಂತಳು. ಒಳಗೋಡಿ ತಲೆ ಮೇಲೆ ಚೊಂಬುಗಟ್ಟಲೆ ನೀರು ಸುರಿದುಕೊಂಡು ಬಂದು, "ಏನ್ರೀ, ಇದರ ಕೆಳಗೆ ರೊಟ್ಟಿ ಬೇಯಿಸ್ಬೋದು," ಎಂದಳು. ಅವಳ ಬಾಯಲ್ಲಿ ತಮಾಷೆ ಕೇಳಿ ಎಷ್ಟು ಕಾಲವಾಗಿತ್ತೋ, ಅವನು ನಗುವುದೋ ಅಳುವುದೋ ತಿಳಿಯದೆ ಶೀಟು ಬಿಚ್ಚಿಬಿಟ್ಟ.

ಮಾರನೆಯ ದಿನ ಕೊರಟಗೆರೆ ಕಡೆಯ ತೋಟದಿಂದ ತೆಂಗಿನ ಗರಿ ತರಿಸಿದ. ಕಬ್ಬಿಣದ ಕಂಬದ ಬದಲು ಬಿದಿರು ನೆಟ್ಟು, ತೆಂಗಿನ ನಾರಿನ ಹಗ್ಗದಲ್ಲಿ ಬಿಗಿದ. ಗರಿ ಹೆಣೆದದ್ದು ಶಿವಲಕ್ಷ್ಮಿ. ಬಲಗೈಯ ಬೆರಳುಗಳು ಸುಟ್ಟು ಅಂಟಿಕೊಂಡಿದ್ದವು. ಅಂಗೈಯಲ್ಲಿ ಒತ್ತಿ ಹಿಡಿದು, ಹಲ್ಲಿನಲ್ಲಿ ಎಳೆದು ಹೆಣೆದಳು. ನೆಲಕ್ಕೆ ಹೊಳೆ ಮರಳು ಹರಡಿದರು. ಹಿಂದಿನ ಗೋಡೆಗೆ ಸುಣ್ಣ ಬಳಿದರು. ಮೂಲೆಯಲ್ಲಿ ಮಣ್ಣಿನ ಹೂಜಿ, ಅದರೊಳಗೆ ಒಂದು ಹಿಡಿ ಲಾವಂಚದ ಬೇರು. ಹೊಂಗೆ ಮರದ ಕೊಂಬೆಗೆ ಉಯ್ಯಾಲೆ. ಸಂಜೆ ನೀರು ಚಿಮುಕಿಸಿದರೆ ಆ ಜಾಗ ತಣ್ಣಗಾಗಿ, ಮಣ್ಣಿನ ವಾಸನೆ ನಮ್ಮ ಮನೆತನಕ ಬರುತ್ತಿತ್ತು.

ಎಲ್ಲ ಆದ ಮೇಲೆ ಅವಳು ಗಂಡನಿಗೆ ಹೇಳಿದಳು: "ಆ ಮೂಲೆಗೊಂದು ಗೋಣಿ ಪರದೆ ಇಳೇಬುಡಿ. ನಾನು ಅದರ ಹಿಂದೆ ಕೂತ್ಕತೀನಿ."

"ಅವಳು ಬರೋದು ನಿನ್ನ ನೋಡೋಕಲ್ವೇನೆ?"

"ಮೊದ್ಲು ಮಾತಾಡ್ಲಿ. ನೋಡೋದು ಆಮ್ಯಾಕೆ."

ಅವನು ಗೋಣಿಚೀಲಗಳನ್ನು ಬಿಚ್ಚಿ ಹೊಲಿದು ಕಟ್ಟಿದ.

ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಸಿಕೊಂಡು ಅನುಪಮಾ ಬಂದಳು. ಪಕ್ಕದ ಓಣಿಯ ಗೇಟಿನಿಂದ ನೇರ ಹಿತ್ತಲಿಗೆ ಬಂದು ಉಯ್ಯಾಲೆಯಲ್ಲಿ ಕೂತಳು. ಬಿಂದು ಚಪ್ಪರದಡಿ ಹಾಕಿದ್ದ ಮಂಚದ ಮೇಲೆ ಕೂತಳು.

"ಹೂಜಿ ನೀರು ಕುಡಿಯಮ್ಮ, ತಣ್ಣಗದೆ," ಎಂದಿತು ಗೋಣಿಯ ಹಿಂದಿನ ದನಿ.

"ನೀವು ಯಾಕೆ ಅಲ್ಲಿ ಕೂತಿದೀರ?"

"ನನಗೆ ಇಲ್ಲೇ ತಂಪು."

ಮೊದಲ ದಿನ ಅಷ್ಟೆ. ಆಮೇಲಾಮೇಲೆ ಅನುಪಮಾ ಶಾಲೆಯ ಸುದ್ದಿ ಹೇಳತೊಡಗಿದಳು. ಶಿವಲಕ್ಷ್ಮಿ ಒಗಟು ಹಾಕುತ್ತಿದ್ದಳು. ಹುಡುಗಿ ತಪ್ಪು ಹೇಳಿದಾಗಲೆಲ್ಲ ಇಬ್ಬರೂ ನಗುವುದು ನಮ್ಮ ಜಗುಲಿಗೆ ಕೇಳಿಸುತ್ತಿತ್ತು. ರಾತ್ರಿ ಚಿಕ್ಕಮ್ಮನ ಜೊತೆ ಆ ಚಪ್ಪರದಡಿಯೇ ಮಲಗುತ್ತಿದ್ದಳು. ಒಂದು ಮಧ್ಯಾಹ್ನ ಶಿವಲಕ್ಷ್ಮಿ ಮಾವಿನಹಣ್ಣು ಹೆಚ್ಚಿ, ತಟ್ಟೆಯನ್ನು ಗೋಣಿಯ ಕೆಳಗಿನಿಂದ ತಳ್ಳಿದಳು. ಕೈ ಒಂದು ಕ್ಷಣ ಹೊರಗೆ ಉಳಿಯಿತು.

"ನಿಮ್ಮ ಬೆರಳು ಯಾಕೆ ಹಂಗಿದೆ?"

"ಸುಟ್ಟು ಅಂಟ್ಕೊಂಡವೆ ಕಣಮ್ಮ."

"ನೋಯುತ್ತಾ?"

"ಈಗಿಲ್ಲ."

ಅನುಪಮಾ ಹಣ್ಣು ತಿಂದು, ಚೀಪಿದ ವಾಟೆಯನ್ನು ಎಲ್ಲಿ ಹಾಕಲಿ ಎಂದು ನೋಡಿದಳು. ಆ ಕೈ ಇನ್ನೂ ಅಲ್ಲೇ ಇತ್ತು. ಅಂಗೈಯಲ್ಲಿ ಇಟ್ಟಳು. ಬಿಂದು ಹೇಳುವ ಪ್ರಕಾರ, ಇಟ್ಟ ಮೇಲೆ ತನ್ನ ಬೆರಳನ್ನೂ ಒಂದು ಗಳಿಗೆ ಅಲ್ಲೇ ಬಿಟ್ಟಿದ್ದಳಂತೆ.

ಬಸವ ಜಯಂತಿಯ ಆಸುಪಾಸು. ಮಧ್ಯಾಹ್ನ ಮೋಡ ಕವಿದು, ಮಳೆಗೆ ಮುಂಚಿನ ಗಾಳಿ ಬೆಟ್ಟದ ಕಡೆಯಿಂದ ಧೂಳೆಬ್ಬಿಸಿಕೊಂಡು ನುಗ್ಗಿತು. ಗೋಣಿಯ ಹಗ್ಗ ಕಿತ್ತುಬಂತು. ಸೆಖೆಗೆ ಸೆರಗು ಜಾರಿಸಿ ಕೂತಿದ್ದ ಶಿವಲಕ್ಷ್ಮಿಗೆ ಎಳೆದುಕೊಳ್ಳಲೂ ಹೊತ್ತು ಸಿಗಲಿಲ್ಲ. ಮುಖ, ಕುತ್ತಿಗೆ, ಎದೆ ಎಲ್ಲ ಬೆಳಕಿಗೆ ಬಿತ್ತು.

ಅನುಪಮಾ ಕಿರುಚಲಿಲ್ಲ. ನೋಡಿದಳು, ಉಯ್ಯಾಲೆಯಿಂದ ಇಳಿದಳು, ಓಣಿಯ ಗೇಟಿನ ಹತ್ತಿರ ಹೋಗಿ ಆ ಕಡೆ ಮುಖ ಮಾಡಿ ನಿಂತಳು. ಬಿಂದು ಹಿಂದೆಯೇ ಹೋದಳು.

"ಅಮ್ಮ, ನಮ್ಮನೆಗೆ ಹೋಗಣ," ಎಂದಳು ಬಿಂದುವಿಗೆ.

ಶಿವಲಕ್ಷ್ಮಿಯೇ ಹೇಳಿದಳು: "ಕರ್ಕೊಂಡೋಗು ಬಿಂದು. ಮಳೆ ಹುಯ್ಯೋಕ್ ಮುಂಚೆ ಬಸ್ ಹತ್ಕಳ್ಳಿ."

"ಅಕ್ಕ, ಅವಳ ಬಾಯಲ್ಲಿ ಅಮ್ಮ ಅನ್ನಿಸ್ಕಬೇಕು ಅಂತ ನನಗಿಲ್ಲ ಕಣೆ." ಬಿಂದು ಅಳುತ್ತಿದ್ದಳು.

"ಗೊತ್ತು. ಅನ್ನಿಸ್ಕೊ. ಮಗು ಯಾರನ್ನಾದ್ರೂ ಅನ್ನಬೇಕಲ್ಲ."

ಅವರು ಹೋದ ಮೇಲೆ ಮಳೆ ಬಂತು. ಅಂಗಡಿಯಿಂದ ಬಂದ ಓಬಳರಾಜು ಸಂಗತಿ ಕೇಳಿ, ಸಿಟ್ಟಿನಲ್ಲಿ ಒಂದು ಬಿದಿರು ಹಿಡಿದು ಅಲ್ಲಾಡಿಸಿದ. "ಕಿತ್ತಾಕ್ತೀನಿ ಇದ್ನ!"

"ಯಾಕೆ? ನನಗೆ ಸೆಖೆ ಆಗಲ್ವಾ?" ಎಂದಳು ಅವಳು. ಅವನು ಕೈಬಿಟ್ಟು ಒದ್ದೆ ಮರಳಿನಲ್ಲೇ ಕೂತುಬಿಟ್ಟ. ಅವನು ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಗೋಣಿಯನ್ನು ಮತ್ತೆ ಕಟ್ಟಲಿಲ್ಲ. ಉಳಿದ ಬೇಸಿಗೆಯೆಲ್ಲ ಶಿವಲಕ್ಷ್ಮಿ ಅಲ್ಲಿ ಬಯಲಲ್ಲೇ ಕೂತಳು. ಓಣಿಯಲ್ಲಿ ಹೋಗುವವರು ಕೆಲವರು ಬೇಗ ಬೇಗ ಹೆಜ್ಜೆ ಹಾಕಿದರು, ಕೆಲವರು ನಿಂತು ಮಾತಾಡಿಸಿದರು. ನಾನು ಹುಣಸೆಹಣ್ಣು ಬಿಡಿಸುವ ನೆಪ ಮಾಡಿಕೊಂಡು ಹೋಗಿ ಕೂರುತ್ತಿದ್ದೆ. ಮುಖ ನೋಡುವುದೋ ಬಿಡುವುದೋ ಎಂದು ತಡವರಿಸಿದರೆ, "ನೋಡಕ್ಕ, ಏನೂ ಆಗಾಕಿಲ್ಲ," ಎನ್ನುತ್ತಿದ್ದಳು.

ಶಾಲೆ ಶುರುವಾಯಿತು. ಅನುಪಮಾ ಬರಲಿಲ್ಲ. ಮೊನ್ನೆ ನಾನು ಪಕ್ಕದಲ್ಲಿದ್ದಾಗಲೇ ಬಿಂದುವಿನ ಫೋನು ಬಂತು. ಮಗುವಿಗೆ ಕೊಡುತ್ತೇನೆಂದು ಅವಳು ಕರೆದದ್ದು, ಆ ಕಡೆಯಿಂದ "ಹೋಂವರ್ಕ್ ಇದೆ" ಎಂದು ಬಂದ ಸಣ್ಣ ದನಿ, ಎರಡೂ ಸ್ಪಷ್ಟವಾಗಿ ಕೇಳಿಸಿದವು.

"ಬರ್ಕೊಳ್ಲಿ ಬುಡು," ಎಂದಳು ಶಿವಲಕ್ಷ್ಮಿ. ಆಮೇಲೆ ಕೇಳಿದಳು, "ಮಧ್ಯಾನ್ನ ಸರಿಯಾಗಿ ಉಂಡ್ಳಾ? ಏನ್ ಸಾರು ಮಾಡಿದ್ದೆ?"