ಮೊದಲು ಕೈ ಬೆಚ್ಚಗಾಗಲಿ

ಆಸ್ಪತ್ರೆಯ ನರಪರೀಕ್ಷೆ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ದುಡಿಯುತ್ತಿರುವ ಆಕೆಯನ್ನು ಎಲ್ಲರೂ ಬಿಸಿನೀರಕ್ಕ ಎಂದೇ ಕರೆಯುತ್ತಾರೆ. ಕೈಗೆ ತಂತಿ ಅಂಟಿಸಿ, ಚಿಟಿಕೆಯಷ್ಟು ವಿದ್ಯುತ್ತು ಹಾಯಿಸಿ, ಅದು ನರದಲ್ಲಿ ಎಷ್ಟು ವೇಗವಾಗಿ ಓಡುತ್ತದೆಂದು ಅಳೆಯುವುದು ಆಕೆಯ ಕೆಲಸ. ಅದಕ್ಕೂ ಮುಂಚೆ, ಬಂದವರ ಕೈಯನ್ನು ಬೆಚ್ಚನೆಯ ನೀರಿನ ಬೋಗುಣಿಯಲ್ಲಿ ಅದ್ದಿಸಿ ಕೂರಿಸುವುದು ಆಕೆಯ ಹಟ. ಕೈ ತಣ್ಣಗಿದ್ದರೆ ಗಟ್ಟಿಮುಟ್ಟಾದ ನರವೂ ಕುಂಟುತ್ತದೆ. ಯಂತ್ರ ಕಾಯಬಾರದೆಂದು ಆ ಕೋಣೆಯನ್ನು ಸದಾ ತಣ್ಣಗಿಡುತ್ತಾರೆ; ಯಂತ್ರದ ಮುಂದೆ ಕೂತವರ ಗತಿಯೇನು ಎಂದು ಅಕ್ಕ ಗೊಣಗದ ದಿನವಿಲ್ಲ.

ಒಮ್ಮೆ ಹಲ್ಲುನೋವೆಂದು ಅಕ್ಕ ಎರಡು ದಿನ ರಜೆ ಹಾಕಿದಳು. ಹೊಸದಾಗಿ ಬಂದಿದ್ದ ಡಾಕ್ಟರು ತಾವೇ ಪರೀಕ್ಷೆಗೆ ಕೂತರು. ಬೆರಳು ಜೋಮು ಹಿಡಿಯುತ್ತದೆಂದು ಬಂದ ಒಬ್ಬ ದರ್ಜಿ ಹೆಂಗಸಿಗೆ, ಕೈಯ ನರಗಳೆಲ್ಲ ಸೋತಿವೆ, ಹೊಲಿಗೆ ಬಿಟ್ಟುಬಿಡಿ ಎಂದು ಬರೆದುಕೊಟ್ಟರು. ಆಕೆ ಔಷಧಿ ಚೀಟಿಗೆಂದು ಮತ್ತೆ ಬಂದಾಗ ಅಕ್ಕ ಕೆಲಸಕ್ಕೆ ಮರಳಿದ್ದಳು. ದರ್ಜಿಯ ಬಾಡಿದ ಮುಖ ನೋಡಿ ಕೈಯಲ್ಲಿದ್ದ ಕಾಗದ ಇಸಿದುಕೊಂಡಳು.

"ಅಂಗಡಿ ಮುಚ್ತಿದೀನಿ ಅಕ್ಕ. ನಾಳೆ ಹೊಲಿಗೆ ಮೆಷಿನ್ ಕೊಳ್ಳೋರು ಬರ್ತಾರೆ."

"ತಡಿಯಮ್ಮ ತಾಯಿ, ನಿನ್ನ ಅಂಗಡಿ ಎಲ್ಲೂ ಓಡಿಹೋಗಲ್ಲ."

ಕಾಗದದಲ್ಲಿ ಕೈಯ ಉಷ್ಣತೆ ಬರೆಯಬೇಕಾದ ಜಾಗ ಖಾಲಿ. ಜೋಮು ಹಿಡಿಯದ ಕಿರುಬೆರಳಿನ ನರವೂ ಮಿಕ್ಕವುಗಳಷ್ಟೇ ನಿಧಾನ. ಅಕ್ಕ ನೇರ ಡಾಕ್ಟರ ಕೋಣೆಗೆ ನಡೆದಳು.

"ಸರ್, ಈ ಅಮ್ಮಂಗೆ ಇನ್ನೊಂದು ಸಲ ಮಾಡಬೇಕು."

"ಯಾಕೆ, ಯಂತ್ರ ಸುಳ್ಳು ಹೇಳುತ್ತಾ?"

"ಅದು ನಿಜಾನೇ ಹೇಳಿದೆ ಸರ್. ನಾವು ಪರೀಕ್ಷೆ ಮಾಡಿದ್ದು ಮಂಜುಗಡ್ಡೇನ."

ಡಾಕ್ಟರ ಕಿವಿ ಕೆಂಪಾಯಿತು. ಆದರೂ ಎದ್ದು ಬಂದರು. ಅಷ್ಟರಮಟ್ಟಿಗೆ ಅವರನ್ನು ಮೆಚ್ಚಲೇಬೇಕು.

ದರ್ಜಿಯ ಕೈ ಇಪ್ಪತ್ತೇಳು ಡಿಗ್ರಿ ಇತ್ತು. ಅಕ್ಕ ಬೋಗುಣಿ ಮುಂದಿಟ್ಟಳು.

"ಬೇಯಿಸ್ತೀರಾ ಏನು?"

"ಉಪ್ಪು ಹಾಕಿಲ್ಲ, ಹೆದರಬೇಡ."

ಕಾಲು ಗಂಟೆಯ ಮೇಲೆ ಕೈ ಮೂವತ್ತಮೂರಕ್ಕೆ ಏರಿತು. ಅಕ್ಕ ಬೆರಳುಬೆರಳನ್ನೂ ಒರೆಸಿ ತಂತಿ ಅಂಟಿಸಿದಳು. ಈ ಸಲ ಕಿರುಬೆರಳಿನ ನರ ಸರಾಗವಾಗಿ ಓಡಿತು. ಮಣಿಕಟ್ಟಿನ ನಡುವೆ ಹಾಯುವ ನರವೊಂದೇ ತುಸು ಹಿಂದುಳಿಯಿತು.

ಡಾಕ್ಟರು ಹಳೆಯ ಕಾಗದಕ್ಕೆ ಅಡ್ಡಗೆರೆ ಎಳೆದರು. "ತಪ್ಪು ನಂದು. ಮಣಿಕಟ್ಟಲ್ಲಿ ಒಂದು ನರ ಸ್ವಲ್ಪ ಒತ್ತಿಕೊಂಡಿದೆ, ಅಷ್ಟೆ. ಮಲಗುವಾಗ ಪಟ್ಟಿ ಕಟ್ಕೊಳ್ಳಿ, ಆಗಾಗ ಕೈಗೆ ಬಿಡುವು ಕೊಡಿ. ಹೊಲಿಗೆ ಬಿಡಬೇಕಾಗಿಲ್ಲ."

ದರ್ಜಿ ಅಳಲಿಲ್ಲ, ಕೈ ಮುಗಿಯಲೂ ಇಲ್ಲ. ಅಕ್ಕನ ಬಿಳಿ ಕೋಟನ್ನೇ ದಿಟ್ಟಿಸಿದಳು.

"ಇದನ್ನ ಹೊಲಿದ ಪುಣ್ಯಾತ್ಮ ಯಾರು ಅಕ್ಕ? ಒಂದು ತೋಳು ಉದ್ದ, ಒಂದು ಗಿಡ್ಡ. ಬಿಚ್ಚಿ ಕೊಡಿ."

"ಈಗಲೇನಾ?"

"ಈಗಲೇ. ನಾಳೆ ಬರೋರಿಗೆ ಬರಬೇಡಿ ಅಂತ ಹೇಳಿ ಮೆಷಿನ್ ಮುಂದೆ ಕೂತ್ಕೊಳ್ತೀನಿ."

ಅಕ್ಕ ಕೋಟು ಬಿಚ್ಚಿ ಕೊಟ್ಟಳು.