ಅತ್ತೆಯ ಎರಡನೇ ಸ್ನಾನ

ಬೆಳಿಗ್ಗೆ ಮಗಳು ತನ್ನ ನಾಯಿಗೆ ಸ್ನಾನ ಮಾಡಿಸಿದಳು. ಎಂಥ ಪರಿಮಳದ ಸೋಪು ಹಾಕಿದರೂ ಒದ್ದೆ ನಾಯಿಯ ವಾಸನೆ ಒದ್ದೆ ನಾಯಿಯದೇ. ನೀವು ಮೂಗು ಮುಚ್ಚಿಕೊಂಡರೂ ಸರಿಯೇ, ನನಗೆ ಮಾತ್ರ ಅದು ಮದುವೆಯಾದ ಹೊಸತರ ವಾಸನೆ, ಹಳೇಬೀಡಿನ ಕೆರೆ ದಂಡೆಯ ವಾಸನೆ.

ನನ್ನ ತವರು ಜಾವಗಲ್. ನಾನು ಗಂಡನ ಮನೆಗೆ ಬಂದ ತಿಂಗಳಿಗೆ, ನಾನಿಲ್ಲದೆ ಅನ್ನ ಮುಟ್ಟುತ್ತಿಲ್ಲವೆಂದು ನನ್ನ ನಾಯಿ ಕೆಂಚನನ್ನು ಅಣ್ಣ ತೆಂಗಿನಕಾಯಿ ಗಾಡಿಯಲ್ಲಿ ಕಳಿಸಿಬಿಟ್ಟ. ಕಳಿಸಿದ್ದಾದರೂ ಎಂಥ ಮನೆಗೆ? ಮಾವ ದೇವಸ್ಥಾನದ ಅರ್ಚಕರು. ಅತ್ತೆಯ ಮಡಿಗೆ ಬೆಕ್ಕು ಕೂಡ ಅಪ್ಪಣೆ ಕೇಳಿ ಒಳಗೆ ಬರಬೇಕು. "ಗಾಡಿ ಮತ್ತೆ ಬಂದಾಗ ಅದೂ ವಾಪಸ್ ಹೋಗ್ಲಿ," ಎಂದರು ಅತ್ತೆ. ನಾನು "ಆಗ್ಲಿ" ಎಂದೆ. ಹೊಸ ಸೊಸೆಗೆ ಬೇರೆ ಮಾತು ಎಲ್ಲಿ ಬರುತ್ತಿತ್ತು? ಹಿತ್ತಲಿಗೆ ಹೋಗಿ ಕೆಂಚನ ಕತ್ತು ತಬ್ಬಿಕೊಂಡು ಅತ್ತುಬಿಟ್ಟೆ.

ಬೇಸಿಗೆಯ ದಿನಗಳು. ಕೆರೆಯ ನೀರು ಹಿಂದೆ ಸರಿದು ಅಗಲವಾದ ಮರಳು ದಂಡೆ ಬಿದ್ದಿತ್ತು. ಎಮ್ಮೆ, ನಾಯಿ, ಬಟ್ಟೆ ಒಗೆಯುವವರು, ಎಲ್ಲರಿಗೂ ಅಲ್ಲಿ ಜಾಗವಿತ್ತು. ಯಾರೂ ಯಾರನ್ನೂ ಅಟ್ಟುತ್ತಿರಲಿಲ್ಲ. ಒಂದು ಬೆಳಿಗ್ಗೆ ಅತ್ತೆ ಸ್ನಾನ ಮುಗಿಸಿ, ಮಡಿನೀರಿನ ಕೊಡ ಹೊತ್ತು ಮೇಲೆ ಬಂದರು. ಅದೇ ಹೊತ್ತಿಗೆ ನೀರಿನಿಂದೆದ್ದ ಕೆಂಚ ಅವರ ಪಕ್ಕದಲ್ಲೇ ನಿಂತು ಮೈ ಕೊಡವಿದ. ಅತ್ತೆಯ ಮಡಿಯೂ ಹೋಯಿತು, ಕೊಡದ್ದೂ ಹೋಯಿತು. ಪಕ್ಕದಲ್ಲೇ ಬಟ್ಟೆ ಒಗೆಯುತ್ತಿದ್ದ ನಾನು ಎದ್ದು ನಿಂತೆ.

ಅತ್ತೆ ಬೈಯಲಿಲ್ಲ. ಕೊಡ ಚೆಲ್ಲಿ ಮತ್ತೆ ನೀರಿಗಿಳಿದರು. ಈ ಸಲ ಮುಳುಗಿದವರು ಏಳಲೇ ಇಲ್ಲ. ನಾನು ಇನ್ನೇನು ಕೂಗಬೇಕು, ಅಷ್ಟರಲ್ಲಿ ದೂರದಲ್ಲಿ ತಲೆ ಕಂಡಿತು. ಸೆರಗು ಸೊಂಟಕ್ಕೆ ಬಿಗಿದು, ಕೈ ಬೀಸಿ ಈಜುತ್ತಿದ್ದರು, ಹಿಂದೆ ಕೆಂಚ. ದಡಕ್ಕೆ ಬಂದಾಗ ಏದುಸಿರು, ಮುಖದ ತುಂಬ ನಗು.

"ಮದ್ವೆ ಆದ್ಮೇಲೆ ಈಜಿದ್ದು ಇವತ್ತೇ ಕಣೇ," ಎಂದರು. "ಸುಮ್‌ಸುಮ್ನೆ ನೀರಲ್ಲಿದ್ರೆ ನೋಡ್ದೋರು ಏನಂದಾರು?"

ಮನೆಯಲ್ಲಿ ನೈವೇದ್ಯಕ್ಕೆ ಹೊತ್ತಾಗಿತ್ತು. ಮಾವ ಬಾಗಿಲಲ್ಲೇ ನಿಂತಿದ್ದರು.

"ಯಾಕೇ ಇಷ್ಟೊತ್ತು?"

"ಈ ಹಾಳು ನಾಯಿ ಮೈಲಿಗೆ ಮಾಡ್ತು. ಮತ್ತೆ ಸ್ನಾನ ಆಗ್ಬೇಕಾಯ್ತು."

"ಹಾಗಾದ್ರೆ ನಾಳೇನೇ ಜಾವಗಲ್‌ಗೆ ಅಟ್ಟೋಣ."

"ಬೇಡಿ," ಎಂದರು ಅತ್ತೆ ಥಟ್ಟನೆ. "ಪಾಪ, ಸೊಸೆ ತವರಿಂದ ಬಂದಿರೋ ನಾಯಿ. ಇರ್ಲಿ. ನಾನು ಹೇಗೋ ಸುಧಾರಿಸ್ಕೋತೀನಿ."

ನನ್ನದೂ ಕೆಂಚನದೂ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಿತ್ತು. ಆ ಬೇಸಿಗೆಯಿಡೀ ಅವನು ದಿನಾ ಮೈಲಿಗೆ ಮಾಡಿದ. ಅವನು ಮರೆತ ದಿನ ಅತ್ತೆಯೇ ಹೋಗಿ ಬಾಲ ಮುಟ್ಟಿ ಬರುತ್ತಿದ್ದರು. ಆ ಹೆಂಗಸಿಗೆ ನಾನು ಎಷ್ಟು ಹೆದರಿದ್ದೆ! ಎಷ್ಟು ಇಷ್ಟಪಟ್ಟೆ ಎಂಬುದನ್ನು ಮಾತ್ರ ಅವರಿಗೆ ಬಾಯಿಬಿಟ್ಟು ಹೇಳಲೇ ಇಲ್ಲ.

ಇಷ್ಟನ್ನೂ ಹೇಳಿ ಮುಗಿಸಿದಾಗ ಮಗಳು ಟವೆಲ್ಲು ಹಿಡಿದು ಹಾಗೇ ನಿಂತಿದ್ದಳು. ಅವಳಿಗೆ ಅಜ್ಜಿಯೆಂದರೆ ಗೋಡೆಯ ಪಟದಲ್ಲಿರುವ ಬಿಗಿದ ಮುಖ, ಅಷ್ಟೆ.

"ಅಜ್ಜಿ ಈಜೋವಾಗ ನೀನೇನ್ ಮಾಡ್ತಿದ್ದೆ? ದಡದಲ್ಲಿ ಕೊಡ ಕಾಯ್ತಿದ್ಯಾ?"

"ನಾನ್ಯಾಕೆ ಕೊಡ ಕಾಯ್ಲಿ? ಅದನ್ನ ಕೆಂಚ ಕಾಯ್ತಿದ್ದ," ಎಂದೆ. "ನಿಮ್ಮಜ್ಜಿ ನಂಗೆ ಈಜು ಕಲಿಸ್ತಿದ್ರು ಕಣೇ."