ಬಾಯಿತುಂಬ ಗುಂಡುಸೂಜಿ

ನಮ್ಮ ಟೈಲರಮ್ಮನಿಗೆ ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಳ್ಳದೆ ಕೈ ಓಡುವುದಿಲ್ಲ. ಗಿರಾಕಿ ಏನೇ ಹರಟಿದರೂ ‘ಹೂಂ’ ಒಂದೇ ಉತ್ತರ. ನಾನು ಅವಳ ಎದುರು ಕೂತು ಕಾಜಾ ಹೊಲಿಯುವವಳು, ಇಬ್ಬರ ಮಾತನ್ನೂ ನಾನೇ ಆಡಬೇಕು. ಇಂಥವಳು ತಲೆ ನರೆತ ಮೇಲೆ ಸ್ಪ್ಯಾನಿಷ್ ಕಲಿಯುತ್ತೇನೆಂದಾಗ ನಗು ತಡೆಯಲಾಗಲಿಲ್ಲ. ಮಗಳು ದೂರದೇಶದಲ್ಲಿ ಆ ಭಾಷೆಯವನನ್ನು ಮದುವೆಯಾಗಿದ್ದಳು. ಹೆತ್ತ ಮಗುವಿಗೆ ನಮ್ಮ ಮಾತು ಒಂದಕ್ಷರ ಕಲಿಸಿರಲಿಲ್ಲ ಮಹಾತಾಯಿ. ಸರಿ, ಅಜ್ಜಿಯೇ ಕಲಿಯಲು ಹೊರಟಳು. ಮಗಳು ಬಂದಾಗ ಬೆರಗಾಗಲಿ, ಹೇಳಬೇಡ ಎಂದು ನನ್ನ ಬಾಯಿಗೆ ಬೀಗ ಹಾಕಿದಳು.

ಸಂಜೆ ತರಗತಿಯಲ್ಲಿ ಅವಳ ಜೀವ ತಿಂದದ್ದು ‘ಲೊ’, ‘ಲಾ’ ಎಂಬ ಚಿಳ್ಳೆಪಿಳ್ಳೆ ಪದಗಳು. ಅದನ್ನು, ಅವಳನ್ನು ಎನ್ನಲು ಅವು ಬೇಕು. ಸಾಮಾನ್ಯವಾಗಿ ಕ್ರಿಯಾಪದಕ್ಕಿಂತ ಮೊದಲು ಬರುತ್ತವೆ, ‘ಮಾಡು’, ‘ಕೊಡು’ ಎಂದು ಅಪ್ಪಣೆ ಮಾಡುವಾಗಲೋ ಅದರ ಬಾಲಕ್ಕೆ ಅಂಟಿಕೊಳ್ಳುತ್ತವೆ. ಹುಕ್ಕು ಎದೆಯ ಕಡೆಗೋ ಬೆನ್ನಿನ ಕಡೆಗೋ ಎಂದು ಬಟ್ಟೆ ನೋಡಿ ಹೇಳುವುದಿಲ್ಲವೇ, ಇದೂ ಹಾಗೇ ಎಂದು ನನಗೇ ಪಾಠ ಮಾಡಿದಳು.

ಮಾಸ್ತರರು ಕೊಟ್ಟ ಪಾಠ ಮೊಬೈಲಿನಲ್ಲಿ ದಿನವಿಡೀ ಮಾತಾಡುತ್ತಿತ್ತು, ಇವಳು ಹೊಲಿಯುತ್ತ ಮನಸ್ಸಿನಲ್ಲೇ ಉತ್ತರ ಕೊಡುತ್ತಿದ್ದಳು. ಬಾಯಲ್ಲಿ ಸೂಜಿಯಿದ್ದರೆ ಗಟ್ಟಿಯಾಗಿ ಹೇಳುವುದೆಲ್ಲಿಂದ ಬಂತು? ಕಿವಿಗೆ ಭಾಷೆಯೆಲ್ಲ ಬಂತು, ನಾಲಿಗೆಗೆ ಬರಲಿಲ್ಲ. ಅದು ಇಬ್ಬರಿಗೂ ಹೊಳೆಯಲಿಲ್ಲ.

ಮಗಳು, ಅಳಿಯ, ಮಗು ಬಂದರು. ಅವರು ಆ ದೇಶಕ್ಕೆ ಮರಳಿ ಹೊಸ ಮನೆಗೆ ಹೋಗುವ ಗಡಿಬಿಡಿ ಮುಗಿಯುವತನಕ ಒಂದು ತಿಂಗಳು ಮಗು ಅಜ್ಜಿಯ ಬಳಿ ಇರುವುದೆಂದು ಮಾತಾಗಿತ್ತು. ಟೈಲರಮ್ಮ ಪುಟ್ಟ ಹಾಸಿಗೆಯನ್ನೂ ಹೊಲಿದಿಟ್ಟಿದ್ದಳು. ಬಾಗಿಲಲ್ಲಿ ಮಗು ಏನೋ ಅಂದಿತು. ಇವಳು ಬಾಯಿ ತೆರೆದಳು, ಸ್ವರ ಹೊರಡಲಿಲ್ಲ. ಮುಖ ಕೆಂಪಾಗಿ, ಸೀದಾ ಬಂದು ಮೆಷಿನ್ ಮುಂದೆ ಕೂತು ಸೂಜಿ ಕಚ್ಚಿಕೊಂಡಳು. ಮರುದಿನವೂ ಅದೇ ಕಥೆ. ಮಗು ಹೆದರಿ ಅಮ್ಮನ ಹಿಂದೆ ಅಡಗಿತು.

ಆಮೇಲೆ ಗಂಡಹೆಂಡತಿ ಇವಳ ಎದುರೇ ತಮ್ಮ ಭಾಷೆಯಲ್ಲಿ ಮಾತಾಡಿಕೊಂಡರು. ನನಗೆ ಅದು ಗಿಣಿಗಳ ಗದ್ದಲ. ಟೈಲರಮ್ಮನೇ ಮುಂದೊಂದು ದಿನ ಬಿಡಿಸಿ ಹೇಳಿದಳು. ಮಗುವನ್ನು ಇಲ್ಲಿ ಬಿಡುವುದು ಬೇಡ, ನಾಳೆ ಕರೆದುಕೊಂಡೇ ಹೋಗೋಣ ಎಂದಳಂತೆ ಮಗಳು. ನಮ್ಮ ಮದುವೆಗಾದರೂ ಅತ್ತೆ ಬಂದಿದ್ದರೆ ಪರಿಚಯವಾಗಿರುತ್ತಿತ್ತು ಎಂದನಂತೆ ಅಳಿಯ. ಅದಕ್ಕೆ ಮಗಳು, “ನಾನೇ ಕರೀಲಿಲ್ಲ. ನಿಮ್ಮೋರ ಮುಂದೆ ಅವಳನ್ನ ನಿಲ್ಲಿಸೋಕೆ ನಾಚಿಕೆ ಆಯ್ತು” ಎಂದಳಂತೆ. ಕಾಗದಪತ್ರ ಸಿಗಲಿಲ್ಲ, ಅದಕ್ಕೇ ಹೋಗಲಾಗಲಿಲ್ಲ ಎಂದು ಟೈಲರಮ್ಮ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು, ಪಾಪ. ಆ ಹೊತ್ತಿನಲ್ಲಿ ಅವಳು ಕದ್ದು ಕೇಳಿ ಸಿಕ್ಕಿಬಿದ್ದವಳ ಹಾಗೆ ಬಟ್ಟೆಯೊಳಗೆ ಮುಖ ಹುದುಗಿಸಿದ್ದು ಮಾತ್ರ ನನಗೆ ಕಾಣಿಸಿತು.

ಈಗ ಇವಳು ಆ ಭಾಷೆಯಲ್ಲಿ ಬಾಯಿ ಬಿಟ್ಟರೆ ಎಲ್ಲ ಕೇಳಿಸಿದೆಯೆಂದು ಮಗಳಿಗೆ ಗೊತ್ತಾಗುತ್ತದೆ. ಬಿಡದಿದ್ದರೆ ಮಗು ಹೊರಟುಹೋಗುತ್ತದೆ. ಅಷ್ಟರಲ್ಲಿ ಆ ಪುಟ್ಟಿಯ ಬೊಂಬೆಯ ತೋಳು ಕಿತ್ತುಬಂತು. ಅಳುಮೋರೆ ಮಾಡಿಕೊಂಡು ಮೆಷಿನ್ ಹತ್ತಿರ ಬಂದು ನಿಂತಿತು. ಟೈಲರಮ್ಮ ಸೂಜಿಗಳನ್ನು ಅಂಗೈಗೆ ಉಗುಳಿ ಕೈ ಚಾಚಿದಳು.

“ದಾಮೆಲಾ. ತೆ ಲಾ ಕೋಸೊ.” ಕೊಡು ಅದನ್ನ, ಹೊಲಿದುಕೊಡ್ತೀನಿ ಅಂತ.

ಮಗು ಕಣ್ಣರಳಿಸಿ ಬೊಂಬೆ ಕೊಟ್ಟು ತೊಡೆಯೇರಿತು. ಮಗಳು ಗಾಬರಿಯಾಗಿ ಹತ್ತಿರ ಬಂದಳು.

“ಅಮ್ಮಾ, ನಿಂಗೆ ಅರ್ಥ ಆಗುತ್ತಾ?”

“ಇದೊಂದೇ ಮಾತು ಕಣೆ ಬರೋದು. ಯಾರೋ ಹೇಳಿಕೊಟ್ಟಿದ್ರು.”

ಸುಳ್ಳು ಹೇಳುವಾಗ ನನ್ನ ಕಡೆ ಕೂಡ ನೋಡಲಿಲ್ಲ. ಅಲ್ಲಿಗೆ ಮುಗಿಯುತ್ತಿತ್ತೇನೋ. ಆದರೆ ನಮ್ಮ ಹೊಸ ಮನೆಗೆ ಬರ್ತೀಯಾ ಎಂದು ಮಗು ಕೇಳಿತು. ದಾರ ಕಚ್ಚಿ ತುಂಡರಿಸುತ್ತಿದ್ದವಳು ಮೈಮರೆತು ಅದರ ಭಾಷೆಯಲ್ಲೇ ಹೇಳಿಬಿಟ್ಟಳು: “ಸಿ ಮೆ ಯಾಮಾನ್, ವೋಯ್.”

ಕರೆದರೆ ಬರ್ತೀನಿ.

ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನೆಲದ ಮೇಲೆ ಕೂತುಬಿಟ್ಟಳು. ಅಳಿಯ ಕಿಟಕಿಯ ಕಡೆ ತಿರುಗಿ ನಿಂತ.

ಮಗು ಆ ತಿಂಗಳು ಇಲ್ಲೇ ಉಳಿಯಿತು. ಎಲ್ಲ ಬಿಡಿಸಿ ಹೇಳಿದ ದಿನ ಇವಳು ತನಗೆ ನಾಚಿಕೆಯಾಯಿತು ಎಂದಾಗ, ನಿನಗೆ ನಾಚಿಕೆಯಾಗಬೇಕಾದ್ದು ಏನಿದೆ, ಅದು ನಿನ್ನ ಮಗಳಿಗಾಗಬೇಕು ಎಂದು ನಾನು ರೇಗಿದೆ. ಟೈಲರಮ್ಮ ಒಪ್ಪಲಿಲ್ಲ. ಮಗಳಾಡಿದ ಮಾತಿಗೆ ನೋವಷ್ಟೇ ಆಯಿತಂತೆ, ನಾಚಿಕೆಯಾದದ್ದು ಅದು ಕೇಳಿಸಿತೆಂದು ಅವಳಿಗೆ ತೋರಿಸಿಕೊಟ್ಟದ್ದಕ್ಕಂತೆ.